ಅಶ್ವತ್ಥಪ್ಪನವರ ಕೊಕ್ಕೆ
ಕಲ್ಯಾಣದುರ್ಗದ ಬಾಡಿಗೆ ಕಾರಿನ ನಾಗರಾಜುವಿಗೆ ದೀಪ ಮಿಣುಕಿದರೂ ಸರಿ, ಹಾರ್ನು ಕೆಮ್ಮಿದರೂ ಸರಿ, ಹಿಂದೂಪುರದ ಅಶ್ವತ್ಥಪ್ಪನವರೇ ಆಗಬೇಕು. ಅರವತ್ತೆಂಟರ ಈ ಆಟೋ ಎಲೆಕ್ಟ್ರಿಷಿಯನ್ ಬಾನೆಟ್ಟಿನೊಳಗೆ ತಲೆ ಇಟ್ಟರೆಂದರೆ, ಪಕ್ಕದ ಹುಣಸೆ ಮಂಡಿಗೇ ಬೆಂಕಿ ಬಿದ್ದರೂ ಈಚೆ ತೆಗೆಯುವವರಲ್ಲ. ಕೆಟ್ಟ ವೈರನ್ನು ಬೈಯುವುದು ತೆಲುಗಿನಲ್ಲಿ, ದಾರಿಗೆ ಬಂದ ಮೇಲೆ ಮುದ್ದಿಸುವುದು ಕನ್ನಡದಲ್ಲಿ. "ಅಂಬಾಸಡರ್ ಕಾಲದಾಗೆ ವೈರು ಅಂದ್ರೆ ಮನೆ ಮಂದಿ ಇದ್ದಂಗೆ ಕಣಪ್ಪ, ಹೆಸರಿಡಿದು ಕರೀಬೋದಿತ್ತು. ಈಗ ಮದುವೆ ಮನೆ ಜನ, ಯಾರು ಯಾರ ಕಡೆಯೋರೋ!" ಎಂದು ನಿಟ್ಟುಸಿರಿಟ್ಟು ಟೆಸ್ಟ್ ಲ್ಯಾಂಪಿನ ಮುಳ್ಳು ಚುಚ್ಚುತ್ತಾರೆ, ಬಲ್ಬು ಹೊತ್ತಿತೋ, ಮಗುವಿನಂತೆ ನಗುತ್ತಾರೆ. ಇಡೀ ವೈರಿಂಗ್ ಬದಲಿಸಬೇಕೆಂದು ಬೇರೆಯವರು ಕೈಬಿಟ್ಟ ಕಾರಿನಲ್ಲೂ ಇಲಿ ಕಡಿದ ಒಂದೇ ಜಾಗ ಹುಡುಕಿ ಬೆಸುಗೆ ಹಾಕುತ್ತಾರೆ. ಮೊನ್ನೆ ನಾಗರಾಜುವಿನ ಕಾರಿನಲ್ಲಿ ವೈರುಗಳನ್ನು ಜೋಡಿಸುವ ಕಪ್ಲರಿನೊಳಗೆ ಸಿಕ್ಕಿಕೊಂಡಿದ್ದ ಪಿನ್ನನ್ನು ಅವರು ಸಣ್ಣ ಉಕ್ಕಿನ ಕೊಕ್ಕೆಯೊಂದರಿಂದ, ಅದಕ್ಕೆ ನೋವಾಗಬಾರದೆಂಬಂತೆ ಎಳೆದು ತೆಗೆದರು. "ಇಂಥದ್ದು ಯಾವ ಅಂಗ್ಡೀಲಿ ಸಿಗ್ತದೆ ಅಣ್ಣಾ?" ಎಂದು ನಾಗರಾಜು ಅದನ್ನು ಎತ್ತಿಕೊಂಡ. ಅಶ್ವತ್ಥಪ್ಪ ಬಾನೆಟ್ಟಿನಿಂದ ತಲೆ ಈಚೆ ತೆಗೆದರು. "ಅಂಗ್ಡೀದಲ್ಲ ಕಣಪ್ಪ. ನಮ್ಮವ್ವ ಮಗ್ಗದಾಗೆ ಇದ್ರಿಂದ್ಲೇ ನೂಲು ಎಳೀತಿದ್ಲು. ಮಗ್ಗ ಮಾರಿದ ದಿವ್ಸ ಇದೊಂದ್ನ ಸೆರಗಿನಾಗೆ ಬಚ್ಚಿಟ್ಕಂಡ್ಬುಟ್ಟಿದ್ಲು. ನಾನು ಈ ಕೆಲ್ಸ ಕಲಿಯಾಕೆ ಹೊಂಟಾಗ ಜೇಬಿಗೆ ಹಾಕಿ, 'ಇದ್ಕೂ ಏನಾರ ಕೆಲ್ಸ ಕೊಡಪ್ಪ' ಅಂದ್ಲು." ನಾಗರಾಜು ಕೊಕ್ಕೆಯನ್ನು ಅಂಗಿಯ ತುದಿಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟ.