ಬೆಳಕಿಗೆ ಅಡ್ಡ ನಿಂತ ಅತ್ತೆ

ಅಪ್ಪನ ಕ್ಯಾಮರಾದ ಚರ್ಮದ ಚೀಲ ತೆರೆದರೆ ಈಗಲೂ ಒಲೆಯ ಹೊಗೆಯ ವಾಸನೆ ಬರುತ್ತದೆ. ದೊಡ್ಡಗಾಜನೂರಿನ ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಬೆಟ್ಟದ ಥಂಡಿಗೆ ಬೂಷ್ಟು ಹಿಡಿಯಬಾರದೆಂದು ಅಲ್ಲಿ ತೂಗುಹಾಕಿದವಳು ಮಾದಮ್ಮತ್ತೆ, ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದಿದ್ದ ಅವಳು ಮನೆಯ ಪ್ರತಿ ಮದುವೆಗೂ ಒಲೆ ಮುಂದೆ ಬೆವರು ಸುರಿಸಿದಳು. ಫೋಟೊಗೆ ಎಲ್ಲರೂ ಸಾಲಾಗಿ ನಿಂತಾಗ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಗಂಡ ಸತ್ತವಳು ಶುಭದ ಪಟದಲ್ಲಿ ಇರಬಾರದೆಂಬುದು ಅಜ್ಜಿಯ ಕಟ್ಟಪ್ಪಣೆ.

ಅಪ್ಪ ವಾದ ಮಾಡುವವನಲ್ಲ. ಎಲ್ಲರನ್ನೂ ನಡುಮನೆಯಲ್ಲಿ ನಿಲ್ಲಿಸಿ, ಕ್ಯಾಮರಾಕ್ಕೆ ಕಣ್ಣಿಟ್ಟು, ಎಡಕ್ಕೆ ಬಲಕ್ಕೆ ಸರಿದು, ಕೊನೆಗೆ ಗೊಣಗುತ್ತಿದ್ದ: “ಅಕ್ಕಾ, ಇಂದ್ಲ ಬಾಗ್ಲಿಂದ ಬೆಳಕು ಒಡೀತದೆ. ಪಟ ಕೆಟ್ಟೋಯ್ತದೆ ಕಣಕ್ಕ. ವಸಿ ಅಡ್ಡ ನಿಂತ್ಕೊ.” ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದು ಹಿತ್ತಿಲ ಬಾಗಿಲಲ್ಲಿ ನಿಲ್ಲುತ್ತಿದ್ದಳು. “ಬಿರ್ನೆ ತಗಿಲಾ, ಸಾರು ಉಕ್ಕೋಯ್ತದೆ.” ಪಟ ಕೆಡಬಾರದಲ್ಲ, ಅಜ್ಜಿಯೂ ಅಡ್ಡಿ ಮಾಡುತ್ತಿರಲಿಲ್ಲ. ರೀಲು ಚಾಮರಾಜನಗರಕ್ಕೆ ಹೋಗಿ ತೊಳೆದು ಬಂದ ಮೇಲೆ ದೊಡ್ಡಪ್ಪನ ತಮಾಷೆ ತಪ್ಪಿದ್ದಲ್ಲ: “ಏನ್ಲಾ, ಗಂಡು ಎಣ್ಣಿನ ನಡುವೆ ಎತ್ತಿನ ಗಾಡಿ ಓಗೋವಷ್ಟು ಜಾಗ ಬುಟ್ಟಿದ್ದೀಯಲ್ಲಾ!” ಅಪ್ಪ ತಲೆ ತಗ್ಗಿಸಿ ನಗುತ್ತಿದ್ದ. ಅವನಿಗೆ ಫೋಟೊ ತೆಗೆಯಲು ಬರುವುದಿಲ್ಲವೆಂದೇ ನಾನೂ ನಂಬಿದ್ದೆ.

ಈಗ ಆಲ್ಬಮ್ಮು ನನ್ನ ಮಡಿಲಲ್ಲಿದೆ, ಅದರೊಳಗಿನವರು ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ. ಪ್ರತಿ ಮದುವೆಯ ಪಟದಲ್ಲೂ ಗಂಡು ಹೆಣ್ಣಿನ ನಡುವಿನ ಆ ಜಾಗದಲ್ಲಿ ಅತ್ತೆ ನಿಂತಿದ್ದಾಳೆ. ಮೊದಮೊದಲು ಮುಖ ಕಪ್ಪು, ಬಾಗಿಲಿಗೆ ಆನಿಸಿದ ಕೈಯಷ್ಟೇ ಗೊತ್ತಾಗುತ್ತದೆ. ಅಪ್ಪ ಫ್ಲ್ಯಾಶ್ ಕೊಂಡ ಮೇಲೆ ಮುಖವೂ ಬಂದಿದೆ. ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಇಂಥದೊಂದು ಕೈ ಇರಬಹುದು, ಹುಡುಕಿ ನೋಡಿ. ಬೆಳಕು ತಡೆಯಬೇಕಿದ್ದರೆ ಬಾಗಿಲು ಹಾಕಿದ್ದರೆ ಸಾಕಿತ್ತಲ್ಲ! ಚಿಕ್ಕಪ್ಪನ ಮದುವೆಯ ಪಟದಲ್ಲಂತೂ ಅತ್ತೆ ಬೇರೆ ಸೀರೆ ಉಟ್ಟು, ತಲೆ ಬಾಚಿ, ನಗುತ್ತಾ ನಿಂತಿದ್ದಾಳೆ. ಬೆಳಕಿಗೆ ಅಡ್ಡ ನಿಲ್ಲಲು ಯಾರಾದರೂ ಸೀರೆ ಬದಲಿಸುತ್ತಾರೆಯೇ? ಅಪ್ಪನ ನೆಪ ಅವಳಿಗೆ ಗೊತ್ತಿತ್ತು. ಅಕ್ಕ ತಮ್ಮ ಒಂದು ದಿನವೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಮೊನ್ನೆ ತಾಳವಾಡಿಯಲ್ಲಿ ಬಸ್ಸಿಳಿದು ಒಬ್ಬಳೇ ದೊಡ್ಡಗಾಜನೂರಿನ ಆ ಮನೆಗೆ ಹೋಗಿದ್ದೆ. ಒಲೆ ತಣ್ಣಗಿತ್ತು, ಗೋಡೆಯಲ್ಲಿ ಮೊಳೆ ಹಾಗೇ ಇತ್ತು. ನಡುಮನೆಯಲ್ಲಿ ಅಪ್ಪ ನಿಲ್ಲುತ್ತಿದ್ದ ಕಡೆಯೇ ನಿಂತು ಫೋನು ಎತ್ತಿದೆ. ಹಿತ್ತಿಲ ಬಾಗಿಲು ತೆರೆದಿತ್ತು, ಬೆಳಕು ನೇರವಾಗಿ ಕಣ್ಣಿಗೆ ಹೊಡೆಯಿತು. ಮುಚ್ಚಲು ಮನಸ್ಸು ಬರಲಿಲ್ಲ.

“ಅತ್ತೇ, ವಸಿ ಅಡ್ಡ ನಿಂತ್ಕೊ,” ಅಂದೆ, ಗಟ್ಟಿಯಾಗಿಯೇ. ಸ್ವಲ್ಪ ಹೊತ್ತು ಕಾದು, ಆಮೇಲೆ ತೆಗೆದೆ. ಪಟದ ನಡುವೆ ಬರೀ ಬೆಳಕು.