ಗಾದಿ ಹಾಸಿದ ಗೇಮಿನ ಅಂಗಡಿ

ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳ ಅಂಗಡಿ ತೆರೆಯುತ್ತೇನೆ ಎಂದು ಐವತ್ತು ದಾಟಿದ ನನ್ನ ಗಂಡ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುವುದನ್ನು ನಿಲ್ಲಿಸಲಿಲ್ಲ. ಇವರ ಇಂಥ ಮಾತಿಗೆಲ್ಲ ಕೈ ನಿಲ್ಲಿಸಿದ್ದರೆ ನಮ್ಮ ಮನೆಯಲ್ಲಿ ಇಷ್ಟು ವರ್ಷ ಯಾರೂ ಉಣ್ಣುತ್ತಿರಲಿಲ್ಲ.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮಾವನವರ ಕಾಲದಿಂದ ನಮ್ಮದೊಂದು ಸೀರೆ ಅಂಗಡಿ ಇತ್ತು. ಹೆಂಗಸರು ಫೋನಿನಲ್ಲೇ ಸೀರೆ ಆರಿಸತೊಡಗಿದ ಮೇಲೆ ಅದನ್ನು ಮುಚ್ಚಬೇಕಾಯಿತು. ಕೊನೆಯ ದಿನಗಳಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಕಳೆಯಲೆಂದು ಪಕ್ಕದ ವಾಚ್ ರಿಪೇರಿಯ ಚಾಚಾ ಇವರಿಗೊಂದು ಹಳೆಯ ಗೇಮ್ ಯಂತ್ರ ಕೊಟ್ಟಿದ್ದರು. ಅಂಗಡಿ ಹೋಯಿತು, ಯಂತ್ರ ಉಳಿಯಿತು.

"ಫೋನಿನ ಗಾಜು ಬೆರಳಿಗೆ ಏನೂ ಹೇಳೂದಿಲ್ಲ ನೋಡು. ಇದರ ಗುಂಡಿ ಒತ್ತಿದ್ರ, ಒತ್ತೇನಿ ಅಂತ ಗೊತ್ತಾಕ್ಕೈತಿ" ಎನ್ನುತ್ತಿದ್ದರು. ಸೆರಗನ್ನು ಬೆರಳ ನಡುವೆ ತಿಕ್ಕಿ ನೂಲು ಯಾವುದೆಂದು ಹೇಳುತ್ತ ಬೆಳೆದ ಮನುಷ್ಯ. ಗಾಜು ಹೇಗೆ ಹಿಡಿಸೀತು?

ನನ್ನ ತಮ್ಮನದು ತಿಕೋಟಾದಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ವ್ಯಾಪಾರ. ಸುದ್ದಿ ಕೇಳಿ ಓಡಿ ಬಂದ. "ಮಾಮಾ, ಎಲ್ಲಾರ ಕೈಯಾಗೂ ಫೋನ್ ಐತಿ. ಯಂತ್ರ ಬೇಕಂದಾಂವ ಮನ್ಯಾಗ ಕುಂತ ತರಸ್ತಾನ. ಇಷ್ಟ ತಡಾ ಮಾಡಿ ಹೊಕ್ಕ ಏನ್ ಗೆಲ್ತೀರಿ? ನನ್ನ ಶೆಡ್ಡಿನ್ಯಾಗ ತೂಕ ನೋಡ್ಕೊಳ್ಳಾಕ ನಂಬಿಗಸ್ತರು ಬೇಕ. ಬರ್ರಿ." ಅವನ ಮಾತಿನಲ್ಲಿ ಪ್ರೀತಿಯೇ ಇತ್ತು, ಸುಳ್ಳೇನೂ ಇರಲಿಲ್ಲ. ದೀಪಾವಳಿಯೊಳಗೆ ಅಂಗಡಿ ಕುದುರದಿದ್ದರೆ ಶೆಡ್ಡಿಗೆ ಬರುತ್ತೇನೆ ಎಂದು ಇವರು ಒಪ್ಪಿಕೊಂಡರು. ಅಂದು ಇವರು ಸರಿಯಾಗಿ ಉಣ್ಣಲಿಲ್ಲ. ಜೀವಮಾನವಿಡೀ ಗಿರಾಕಿಗೆ "ಬರ್ರಿ, ಕುಂದರ್ರಿ" ಎಂದ ಬಾಯಿ, ಇನ್ನು ಮೂಟೆಗಳ ನಡುವೆ ಯಾರಿಗೆ ಹಾಗೆನ್ನಬೇಕು?

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮಳಿಗೆ ಹಿಡಿದರು. ಹೆಸರಾದ ಕಂಪನಿಗಳ ಯಂತ್ರಗಳ ಜೊತೆಗೆ, ಈಗಷ್ಟೇ ಈ ವ್ಯಾಪಾರಕ್ಕೆ ಇಳಿದ, ಯಾರೂ ಕೇಳದ ಕಂಪನಿಯೊಂದರ ಯಂತ್ರವನ್ನೂ ತರಿಸಿದರು. ಕಂಪನಿಯೂ ತಡ, ಅಂಗಡಿಯೂ ತಡ, ಮಾಲೀಕರಂತೂ ಇನ್ನೂ ತಡ ಎಂದು ನಾನು ಕಾಡಿದೆ. ಅವರು ನಕ್ಕು, ಹಳೆಯ ಅಂಗಡಿಯ ಗಾದಿಯನ್ನು ಬಿಸಿಲಿಗೆ ಹಾಕಿದರು.

ಗಾಜಿನ ಕಪಾಟಿಲ್ಲ, ಕೌಂಟರಿಲ್ಲ. ಗೇಮಿನ ಅಂಗಡಿಗೆ ಗಾದಿ ಹಾಸಿ, ಬಿಳಿ ಹೊದಿಕೆ ಹೊದಿಸಿ, ಒರಗಲು ಲೋಡು ಇಟ್ಟು, ಬಂದವರಿಗೆ ಚಪ್ಪಲಿ ಬಿಡಿಸಿ ಕೂರಿಸಿ ಚಹಾ ಕೊಟ್ಟವರು ಇಡೀ ದೇಶದಲ್ಲಿ ಇವರೊಬ್ಬರೇ ಇರಬೇಕು. ಪೈಠಣಿ ಸೀರೆ ಬಿಡಿಸಿದ ಹಾಗೆ ಒಂದೊಂದೇ ಯಂತ್ರ ತೆಗೆದು ಮಡಿಲಿಗಿಡುತ್ತಿದ್ದರು. ಕಾಲೇಜಿನ ತರುಣರು ಗಂಟೆಗಟ್ಟಲೆ ಆಡಿ, ಚಹಾ ಕುಡಿದು, ದರ ಕೇಳಿ, ಹೊರಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳುತ್ತಿದ್ದರು. ನನಗೆ ಉರಿಯುತ್ತಿತ್ತು.

ದಸರೆ ಕಳೆದ ಮೇಲೆ ಸಾರವಾಡದಿಂದ ರೈತ ದಂಪತಿ ಬಂದರು. ಮಗಳು ಸ್ಕೂಟಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದಳು, ಬೇಸರಕ್ಕೆ ಅಳುತ್ತಿದ್ದಳು. ಯಾವ ಯಂತ್ರ ಒಯ್ಯಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಇವರು ಎರಡನ್ನು ಕಟ್ಟಿಕೊಟ್ಟರು. ಒಂದು ಹೆಸರಾದದ್ದು, ಒಂದು ಯಾರೂ ಕೇಳದ್ದು.

"ಸೀರಿ ಒಯ್ದಂಗ ಒಯ್ರಿ. ಮಗಳ ಕೈಯಾಗ ಹಿಡದ ನೋಡ್ಲಿ. ಪಸಂದ ಬಂದದ್ದ ಇಟ್ಕೊಂಡ ಒಂದ ಹೊಳ್ಳಿ ತರ್ರಿ, ಆಮ್ಯಾಲ ರೊಕ್ಕ ಕೊಡೀರಂತ."

ಸೀರೆ ವ್ಯಾಪಾರದಲ್ಲಿ ಇದು ರೂಢಿ. ಮದುವೆ ಮನೆಯವರು ನಾಲ್ಕಾರು ಸೀರೆ ಒಯ್ದು ಮನೆಮಂದಿಗೆ ತೋರಿಸಿ, ಬೇಡವಾದದ್ದು ಮರಳಿಸುತ್ತಾರೆ. ಊರಿನ ಹೆಸರೇ ವಿಳಾಸ. ಇವರು ಫೋನ್ ನಂಬರನ್ನೂ ಕೇಳಲಿಲ್ಲ.

ವಾರ ಕಳೆಯಿತು, ಇನ್ನೊಂದು ಕಳೆಯಿತು. ಸಾರವಾಡದ ಸುದ್ದಿಯೇ ಇಲ್ಲ. ದೀಪಾವಳಿ ಹತ್ತಿರ ಬಂತು. ಹೋಗಿ ಕೇಳಿ ಬನ್ನಿ ಎಂದರೆ ಇವರು ಒಲ್ಲೆ ಎಂದರು. ಸೀರೆ ಒಯ್ದವರ ಬಾಗಿಲಿಗೆ ಹೋಗಿ ನಿಲ್ಲುವುದು ಅಪಮಾನವಂತೆ. ಆದರೆ ಇವರ ಮುಖ ನೋಡಿದರೆ ತಿಳಿಯುತ್ತಿತ್ತು, ಹೋಗಲು ಇವರಿಗೆ ಹೆದರಿಕೆ. ತಮ್ಮ ರೀತಿಯೇ ತಪ್ಪಾಗಿದ್ದರೆ ಎಂಬ ಹೆದರಿಕೆ. ಒಂದು ಬೆಳಿಗ್ಗೆ, ಇವರಿಗೆ ಹೇಳದೆ, ನಾನೇ ಬಬಲೇಶ್ವರದ ಬಸ್ಸು ಹತ್ತಿ ಸಾರವಾಡದಲ್ಲಿ ಇಳಿದೆ.

ಕಾಲು ಮುರಿದ ಹುಡುಗಿಯ ಮನೆ ಕೇಳಿದರೆ ಊರೇ ತೋರಿಸಿತು. ಮಂಚದ ಸುತ್ತ ಓಣಿಯ ಹೆಂಗಸರು. ನಡುವೆ ಹುಡುಗಿ, ಅವಳ ಕೈಯಲ್ಲಿ ಆ ಯಾರೂ ಕೇಳದ ಯಂತ್ರ. ನನ್ನನ್ನು ನೋಡಿ ತಾಯಿಯ ಮುಖ ಸಣ್ಣದಾಯಿತು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಹೊಸಾ ಸಾಮಾನ ಮನಿಗೆ ಬಂತಂತ ನಮ್ಮತ್ತಿ ಎರಡಕ್ಕೂ ಅರಿಷಿಣ ಕುಂಕುಮ ಹಚ್ಚಿ ಆರತಿ ಮಾಡಿಬಿಟ್ರು. ಕುಂಕುಮ ಹಚ್ಚಿದ್ದನ್ನ ಅಂಗಡಿಗೆ ಹೊಳ್ಳಿ ಹೆಂಗ ಕೊಡೂದ್ರಿ? ಎರಡ ಇಟ್ಕೊಂಡ್ರ ಆಡೂವಾಕಿ ಒಬ್ಬಾಕಿ. ನಮ್ಮ ಮನ್ಯಾವರಿಗೆ ನಿಮ್ಮವರ ಮುಂದ ಬರಾಕ ಮಾರಿ ಇಲ್ದಂಗಾತು."

ಅದು ಸರಿಯೇ. ಕುಂಕುಮ ತಾಗಿದ ಸೀರೆಯನ್ನು ನಮ್ಮ ಕಡೆ ಯಾರೂ ಮರಳಿಸುವುದಿಲ್ಲ, ಅಂಗಡಿಯವರೂ ತೆಗೆದುಕೊಳ್ಳುವುದಿಲ್ಲ. ಆದರೆ ಗೇಮ್ ಯಂತ್ರಕ್ಕೂ ಆ ನೇಮ ಇರುತ್ತದೆಂದು ಯಾವ ಕಂಪನಿಗೆ ಗೊತ್ತಿತ್ತು?

"ಇನ್ನೊಂದ ಎಲ್ಲೈತಿ?" ಎಂದೆ.

"ಬಬಲೇಶ್ವರಕ್ಕ ಹೋಗೇತ್ರಿ" ಎಂದಳು ಹುಡುಗಿ, ಕಣ್ಣು ಎತ್ತದೆ. "ನಮ್ಮ ಸೋದರತ್ತಿ ನನ್ನ ನೋಡಾಕ ಬಂದಾಕಿ ಅದನ್ನ ಕೆಳಗ ಇಡಲಿಲ್ಲ. ಮನ್ಯಾಗ ತೋರಿಸಿ ಹೇಳ್ತೇನಿ ಅಂತ ಒಯ್ದಾಳ. ನಿನ್ನಿ ಫೋನ್ ಮಾಡಿದ್ಲು, ಪಸಂದ ಬಂದೈತಂತ. ಆಕಿ ನಾದಿನಿಗೂ ಬೇಕಂತ."

ನನಗೆ ನಗು ತಡೆಯಲಾಗಲಿಲ್ಲ. ಹೆಸರಾದದ್ದನ್ನು ಬಿಟ್ಟು ಇದನ್ನೇಕೆ ಇಟ್ಟುಕೊಂಡೆ ಎಂದು ಕೇಳಿದೆ. "ಹೆಸರ ಗೊತ್ತಿಲ್ರಿ. ಖರೆ ಕೈಯಾಗ ಚಲೋ ಕುಂದರತೈತಿ" ಎಂದಳು. ಅಂಗಡಿಗೆ ಬಂದು ಲೆಕ್ಕ ಮುಗಿಸುತ್ತೇವೆ, ಬಬಲೇಶ್ವರದವರನ್ನೂ ಕರೆತರುತ್ತೇವೆ ಎಂದು ತಂದೆ ಹೇಳಿದರು. ಚಹಾ ಕುಡಿಸದೆ ಬಿಡಲಿಲ್ಲ.

ಮರಳಿ ಬಂದಾಗ ಮಳಿಗೆಯ ಬಾಗಿಲು ಅರ್ಧ ಎಳೆದಿತ್ತು. ಇವರು ಒಳಗೆ ಒಬ್ಬರೇ ಕುಳಿತಿದ್ದರು. ಬರುವ ಸೋಮವಾರ ತಿಕೋಟಾಕ್ಕೆ ಬರುತ್ತೇನೆಂದು ತಮ್ಮನಿಗೆ ತಿಳಿಸಿಬಿಟ್ಟಿದ್ದರು. ಅದನ್ನು ನನಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ.

"ನಾ ಸಾರವಾಡಕ್ಕ ಹೋಗಿದ್ದೆ" ಎಂದೆ.

ಇವರು ತಲೆ ಎತ್ತಿದರು. ಯಂತ್ರ ಸಿಕ್ಕಿತೇ, ರೊಕ್ಕ ಕೊಟ್ಟರೇ ಎಂದು ಕೇಳುತ್ತಾರೆಂದು ಕಾದೆ. ಉತ್ತರವನ್ನು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ.

"ಆ ಹುಡುಗಿ ಕಾಲ ಹೆಂಗೈತಿ? ಆಡಾಕತ್ತಾಳೇನ?" ಎಂದರು.

ಇಷ್ಟು ವರ್ಷ ಇವರ ಮೇಲೆ ಸಿಟ್ಟು ಮಾಡಿದ್ದೇನೆ, ಮರುಗಿದ್ದೇನೆ. ಅಷ್ಟು ಹೆಮ್ಮೆ ಪಟ್ಟದ್ದು ಅಂದೇ. ತಡವಾಗಿ ಬಂದವರು ಗೆಲ್ಲುತ್ತಾರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಡುತ್ತಿದ್ದಾಳೆ ಎಂದು ಹೇಳಿ, ಫೋನ್ ತೆಗೆದು ತಮ್ಮನಿಗೆ ಹಚ್ಚಿದೆ.

"ತೂಕಕ್ಕ ಬ್ಯಾರೇದವರನ್ನ ನೋಡ್ಕೊಳೊ ಯಪ್ಪಾ" ಎಂದೆ. "ನಿಮ್ಮ ಮಾಮಾಗ ಅಂಗಡಿ ಐತಿ."