ಗುಡಿಸಿಟ್ಟ ಕಾಡು

ಕಾರ್ಲ್‌ಸ್ಟಾಡ್‌ನಲ್ಲಿ ನಾನು ಕಮ್ಯೂನ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ಕಂಪ್ಯೂಟರಿನಲ್ಲಿ ಕಾಡಿನ ನಕ್ಷೆ ಮಾಡಿಕೊಡುತ್ತಿದ್ದೆ. ನಮ್ಮ ಮನೆಗಳ ಹಿಂದಿನ ಕಾಡೂ ಕಮ್ಯೂನಿನದೇ. ಅದರ ಆರೈಕೆಗೆ ಸರ್ಕಾರದ ಅನುದಾನ ಬರುತ್ತಿತ್ತು, ಒಂದು ಶರತ್ತಿನ ಮೇಲೆ: ಬಿದ್ದ ಮರ ಬಿದ್ದಲ್ಲೇ ಕೊಳೆಯಬೇಕು. ಹುಳುವಿಗೆ, ಅಣಬೆಗೆ ಅದೇ ಮನೆ. ಸೋಮವಾರ ಅಧಿಕಾರಿ ಬಂದು ನೋಡಿ ಒಪ್ಪದಿದ್ದರೆ ಅನುದಾನ ನಿಲ್ಲುತ್ತಿತ್ತು. ಜೊತೆಗೆ ಕಾಡಿನ ಮೇಲ್ವಿಚಾರಕಿಯ ಕೆಲಸವೂ ಹೋಗುತ್ತಿತ್ತು. ಆಕೆ ನನಗೆ ಸ್ವೀಡನ್ನಿನಲ್ಲಿ ಸಿಕ್ಕ ಮೊದಲ ಗೆಳತಿ.

ಮನೆಯಲ್ಲಿ ಇದನ್ನೆಲ್ಲ ಹೇಳಿದ್ದೆನೇ? ಅಧಿಕಾರಿ ಬರುವುದನ್ನಷ್ಟೇ ಹೇಳಿದೆ ಎನ್ನುತ್ತಾನೆ ಗಂಡ. ಶರತ್ತನ್ನೂ ಹೇಳಿದ್ದೆ ಎಂದು ನನ್ನ ನೆನಪು. ಆದರೆ ನನ್ನ ನೆನಪಿಗೆ ನನ್ನ ಪರ ವಹಿಸುವ ಚಾಳಿಯಿದೆ.

ಭಾನುವಾರ ಅವನೂ ಕನ್ನಡದ ಗೆಳೆಯರಿಬ್ಬರೂ ಕೆಸರು ಮೆತ್ತಿಕೊಂಡು ಬಂದರು.

"ಏನೇ ಅದು, ಆ ಥರ ಇಟ್ಕೊಂಡಿದೀರ ಕಾಡನ್ನ! ಎಲ್ಲಾ ಕ್ಲೀನ್ ಮಾಡಿ ಬಂದ್ವಿ. ಸರ್ಕಾರದೋರು ಬರುವಾಗ ಅಂಗಳ ಹಂಗೇ ಬಿಡ್ತಾರಾ?"

"ಕ್ಲೀನ್ ಅಂದ್ರೆ?"

"ಕೊಳೆತ ಮರ ಎಲ್ಲಾ ಒಟ್ಟಿದ್ವಿ. ದಪ್ಪದ್ದು ಕೆಳಗೆ, ಸಣ್ಣದು ಮೇಲೆ."

ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಬಂದು ರಾಶಿಯ ಸುತ್ತ ಒಂದು ಸುತ್ತು ಹಾಕಿದರು. ಮುಖ ಬಿಳಿಚಿತ್ತು. ಆಮೇಲೆ, "ಇಷ್ಟು ಅಚ್ಚುಕಟ್ಟಾದ ಅನಾಹುತ ನಾನು ಕಂಡಿಲ್ಲ" ಎಂದು ಅಂಗಿಯ ತೋಳು ಮಡಚಿದರು. ಎಲ್ಲರೂ ಸೇರಿ ಮತ್ತೆ ಹರಡತೊಡಗಿದೆವು. ಹಿಮ ಉದುರುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ಗಂಡ ಬಿಸಿಲಿತ್ತು ಎನ್ನುತ್ತಾನೆ. ಇರಲಿ, ಬಿಸಿಲು. ಅವನು ಮಾತ್ರ ಒಂದೊಂದು ಮರವನ್ನೂ ದಾರಿಗೆ ಸಮನಾಗಿ ಇಡುತ್ತಿದ್ದ.

"ಸೊಟ್ಟಗಿಡು!" ಎಂದು ಆಕೆ ಕೂಗಿದರು. "ಇನ್ನೂ ಸೊಟ್ಟಗೆ!"

"ನಮ್ಮಮ್ಮ ಇದನ್ನ ನೋಡಿದ್ರೆ ಪೊರಕೆ ತಗೊಂಡು ಬರ್ತಾರೆ ಗುರೂ" ಎಂದ ಗೆಳೆಯರಲ್ಲೊಬ್ಬ.

ಸೋಮವಾರ ಅಧಿಕಾರಿ ಬಗ್ಗಿ ನೋಡಿದರು. ಮೇಲಿರಬೇಕಾದ ಪಾಚಿ ಮರಗಳ ಅಡಿಗೆ ಹೋಗಿತ್ತು. ಮೇಲ್ವಿಚಾರಕಿ ಏನನ್ನೂ ಮುಚ್ಚಿಡಲಿಲ್ಲ. ಆ ಮನುಷ್ಯ ಎದ್ದು ನಿಂತು, "ಮರ ಕಾಡು ಬಿಟ್ಟು ಹೋಗಿಲ್ಲವಲ್ಲ" ಎಂದರು. ಅನುದಾನ ಮುಂದುವರಿಯಿತು. ಜೊತೆಗೆ ಹೊಸ ಶರತ್ತು: ಇದನ್ನೆಲ್ಲ ಏಕೆ ಹೀಗೆ ಬಿಟ್ಟಿದ್ದೇವೆಂದು ಊರವರನ್ನು ಕರೆದುಕೊಂಡು ಬಂದು ತಿಳಿಸಬೇಕು.

ತಿಳಿಸುವವನನ್ನು ಮೇಲ್ವಿಚಾರಕಿ ಆಗಲೇ ಗೊತ್ತುಮಾಡಿಕೊಂಡಿದ್ದರು. ವಸಂತದಲ್ಲಿ ನನ್ನ ಗಂಡ ಸ್ವೀಡಿಷ್ ಅಜ್ಜಿಯರ ಎದುರು ನಿಂತು, ದಯವಿಟ್ಟು ಏನನ್ನೂ ಮುಟ್ಟಬೇಡಿ ಎನ್ನುತ್ತಲೇ ಅಡ್ಡ ಬಿದ್ದಿದ್ದ ಕೊಂಬೆಯೊಂದನ್ನು ಕಾಲಿನಿಂದ ಬದಿಗೆ ಸರಿಸಿದ. ಮೇಲ್ವಿಚಾರಕಿ ಕೆಮ್ಮಿದರು. ವಾಪಸ್ ಸರಿಸಿದ.